ಬೆಣ್ಣೆಗೆ ಅಂಟಿದ ಹೂವು

ನನ್ನ ಮಗ ಭೈರೇಶ ಸತ್ತ ಮೇಲೂ ಆ ಬಿಳಿ ಕಾರು ನಮ್ಮ ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ಯಾವ ಕಾರನ್ನು ತೆಗೆಯಿರಿ ಎಂದು ಕೇಳಿ ಅವನು ಪ್ರಾಣ ಕಳೆದುಕೊಂಡನೋ ಅದೇ ಕಾರು. ನಾನು ಹಾಲು ತರಲು ಹೋಗಬೇಕಾದರೂ ಗೋಡೆಗೆ ಬೆನ್ನು ಕೊಟ್ಟು, ಸೀರೆ ಒಟ್ಟುಮಾಡಿ ಹಿಡಿದು, ಅಡ್ಡಡ್ಡ ಹೆಜ್ಜೆ ಇಟ್ಟು ಹೊರಗೆ ಬರಬೇಕಿತ್ತು. ಬಿಸಿಲಿಗೆ ಕಾದ ತಗಡು ಮೊಣಕೈಗೆ ತಾಕುತ್ತಿತ್ತು. ನಾನು ಒಂದು ದಿನವೂ ಬಾಯಿ ಬಿಡಲಿಲ್ಲ.

ಕಾರು ನನ್ನ ಮೈದುನ ಮುನಿರಾಜುವಿನದು. ಓಡಿಸುತ್ತಿದ್ದವನು ಅವನ ಮಗ ಯೋಗಾನಂದ. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಆ ಗೋಡೆಯೂ ಇರಲಿಲ್ಲ. ಒಂದೇ ಪಡಸಾಲೆ, ಒಂದೇ ಒಲೆ, ಹಿತ್ತಲಿನಲ್ಲಿ ಕೊಟ್ಟಿಗೆ, ಅದರಾಚೆಗೆ ಶ್ರೀಗಂಧದ ಕಾವಲಿನ ಅಂಚಿನವರೆಗೂ ರಾಗಿ ಹೊಲ. ಆಮೇಲೆ ಹೊಲ ಲೇಔಟ್ ಆಯಿತು, ದನ ಮಾರಿದೆವು, ಕೊಟ್ಟಿಗೆಯ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದವು. ನನ್ನ ಯಜಮಾನರು ಇರುವ ತನಕ ಅಣ್ಣ ತಮ್ಮಂದಿರ ನಡುವೆ ಒಂದು ಕೆಟ್ಟ ಮಾತು ಬಂದಿರಲಿಲ್ಲ.

ಮುನಿರಾಜುವಿನ ಹೆಂಡತಿ ಚಿಕ್ಕತಾಯಿ ನನ್ನ ವಾರಗಿತ್ತಿ. ಅವಳಿಗೆ ಯೋಗಾನಂದ ಹುಟ್ಟಿದಾಗ ಹಾಲು ಸಾಲಲಿಲ್ಲ. ಭೈರೇಶನಿಗೆ ಆಗ ವರ್ಷ ತುಂಬಿತ್ತು. ಇಬ್ಬರೂ ನನ್ನ ಮಡಿಲಲ್ಲೇ ಬೆಳೆದರು. ಯೋಗಾನಂದನಿಗೆ ಬದನೆಕಾಯಿ ಆಗುತ್ತಿರಲಿಲ್ಲ, ತಿಂದರೆ ಮೈಯೆಲ್ಲ ದದ್ದು. ಹುಳಿಯಲ್ಲಿದ್ದ ಹೋಳುಗಳನ್ನೆಲ್ಲ ಆರಿಸಿ ತೆಗೆದು ಅವನಿಗೆ ಮುದ್ದೆ ಕಲೆಸುತ್ತಿದ್ದವಳು ನಾನು. ಅವನು ಎಡಚ. ಎಡಗೈಯಲ್ಲಿ ಉಣ್ಣಬಾರದೆಂದು ನಮ್ಮ ಅತ್ತೆ ಆ ಕೈಗೆ ಬಟ್ಟೆ ಸುತ್ತಿ ಕಟ್ಟಿ ಕೂರಿಸುತ್ತಿದ್ದರು. ಮಗು ಅಳುತ್ತಿತ್ತು. ಅತ್ತೆ ಅತ್ತ ಹೋದ ಕೂಡಲೇ ನಾನು ಬಿಚ್ಚುತ್ತಿದ್ದೆ.

ಆ ಭಾನುವಾರ ನಾನು ತಾರಸಿಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದೆ. ಕೆಳಗೆ ಗೇಟಿನ ಹತ್ತಿರ ಭೈರೇಶನ ದನಿ ಕೇಳಿಸಿತು. "ಲೋ ಯೋಗಿ, ಎಷ್ಟು ಸಲ ಹೇಳ್ಬೇಕೋ? ಗಾಡಿ ಆಚೆ ತೆಗೆಯೋ, ಮಗೂನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು." ಅವನು ಏನೋ ಅಂದ, ಇವನು ಏನೋ ಅಂದ. ನಾನು ಬಗ್ಗಿ ನೋಡುವ ಹೊತ್ತಿಗೆ ಯೋಗಾನಂದ ಕಾರಿನ ಡಿಕ್ಕಿಯಿಂದ ಕಬ್ಬಿಣದ ಸರಳು ತೆಗೆದಿದ್ದ. ನನ್ನ ಮಗ ಬೆನ್ನು ತಿರುಗಿಸಿ ಒಳಗೆ ಬರುತ್ತಿದ್ದ. ತಲೆಯ ಹಿಂದಕ್ಕೆ ಒಂದೇ ಏಟು.

ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದ ಎಂದು ಅವರು ಹೇಳಿದರು. ಬೀದಿಯೂ ಅದನ್ನೇ ಹೇಳಿತು. ನಮ್ಮ ಬೀದಿಯಲ್ಲಿ ಅರ್ಧ ಜನ ದಾಯಾದಿಗಳು, ಉಳಿದವರು ಮುನಿರಾಜುವಿನ ಬಾಡಿಗೆದಾರರು. ನೋಡಿದೆ ಎಂದವಳು ನಾನೊಬ್ಬಳೇ. ಪೊಲೀಸರು ಬರೆದುಕೊಂಡರು. ಯೋಗಾನಂದನಿಗೆ ಜಾಮೀನು ಸಿಕ್ಕಿತು. ಕೇಸು ಕೋರ್ಟಿಗೆ ಹೋಯಿತು. ಅವನು ಮನೆಗೆ ಬಂದ ಸಂಜೆಯಿಂದ ಕಾರು ಮತ್ತೆ ಅದೇ ಜಾಗದಲ್ಲಿ ನಿಂತಿತು.

ಅಂದಿನಿಂದ ನನ್ನ ಸುತ್ತ ಬೇಲಿ ಹಾಕಿದರು. ಬೋರ್‌ವೆಲ್ಲಿನ ನೀರು ನಮ್ಮ ತೊಟ್ಟಿಗೆ ಬರುವ ವಾಲ್ವ್ ತಿರುಗಿಸಿಟ್ಟರು. ಅಂಗಡಿಯ ವೆಂಕಟಗಿರಿ ನನ್ನನ್ನು ಕಂಡರೆ ಫೋನು ಕಿವಿಗಿಟ್ಟುಕೊಳ್ಳುತ್ತಿದ್ದ. ಊರಹಬ್ಬದಲ್ಲಿ ತಂಬಿಟ್ಟಿನ ಆರತಿ ಹೊತ್ತು ಸಾಲಿನಲ್ಲಿ ನಿಂತರೆ ನನ್ನ ಹಿಂದಿನವರು ಪಕ್ಕಕ್ಕೆ ಸರಿದು, ಮುಂದಿನವರು ಬೇಗ ಬೇಗ ನಡೆದು, ನಾನು ಬೀದಿಯ ನಡುವೆ ಒಬ್ಬಳೇ ಆದೆ. ಸೊಸೆ ಲತಾ ಮಗುವನ್ನು ಕರೆದುಕೊಂಡು ವಿಜಯನಗರದ ತವರಿಗೆ ಹೋಗಿದ್ದಳು. ನಾನೇ ಕಳಿಸಿದ್ದೆ. "ನೀವೂ ಬನ್ನಿ ಅತ್ತೆ, ಈ ಹಾಳು ಜನಗಳ ಮಧ್ಯೆ ಹೆಂಗಿರ್ತೀರಾ?" ಎಂದು ಅವಳು ಕೇಳಿಕೊಂಡಳು. ಮಗ ಬಿದ್ದ ಮೆಟ್ಟಿಲು ತೊಳೆಯಲು ಯಾರಾದರೂ ಇರಬೇಕಲ್ಲ ಎಂದೆ.

ನನಗಿದ್ದದ್ದು ಸಪ್ಪಲಮ್ಮ ಒಬ್ಬಳು. ನಮ್ಮ ಬೀದಿಯ ಕೊನೆಯಲ್ಲಿ ಬೇವಿನ ಮರದ ಕೆಳಗೆ ಅವಳ ಗುಡಿ. ದನಗಳನ್ನು ಕಾಯುವ ತಾಯಿ ಅವಳು. ಹಿಂದೆ ಯಾರ ಮನೆಯಲ್ಲಿ ಹಸು ಕರು ಹಾಕಿದರೂ ಮೊದಲ ಬೆಣ್ಣೆ ಅವಳಿಗೆ. ಈಗ ದನವಿಲ್ಲದ ಊರಿನಲ್ಲಿ ಟೈಲ್ಸ್ ಹಾಕಿದ ಗುಡಿಯೊಳಗೆ ಕೂತಿದ್ದಾಳೆ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಮಂತ್ರ ಬಾರದು. ಸಂಜೆ ದೀಪ ಹಚ್ಚಿ ಅವಳ ಹತ್ತಿರ ಮಾತಾಡಿ ಬರುತ್ತಿದ್ದೆ. "ತಾಯಿ, ಇವರು ಕೆಟ್ಟುಹೋಗಲಿ ಅಂತ ನಾನು ಕೇಳಲ್ಲ. ನಾನು ಸಾಕಿದ ಮಗು ಅದು. ಕೋರ್ಟಲ್ಲಿ ಅವನ ಮುಖ ಕಂಡ ಕೂಡಲೇ ನನ್ನ ನಾಲಿಗೆ ಒಳಗೆ ಹೋಗದಂತೆ ನೋಡ್ಕೋ. ಭೈರೇಶ ಕಾಲು ಜಾರಿ ಸಾಯಲಿಲ್ಲ. ಅಷ್ಟು ಹೇಳಕ್ಕೆ ನನಗೆ ಬಾಯಿ ಕೊಡು." ದಿನವೂ ಇಷ್ಟೇ.

ಸಾಕ್ಷಿ ಹೇಳಲು ಮೊದಲ ಸಲ ಕರೆದಾಗ ಜ್ವರದಲ್ಲಿ ಮಲಗಿದ್ದೆ. ಎರಡನೇ ಸಲ ವಾಯಿದೆ ಮುಂದಕ್ಕೆ ಹೋಯಿತು. ಮೂರನೇ ಸಲಕ್ಕೆ ಸರ್ಕಾರಿ ವಕೀಲರು ಲತಾಳ ಫೋನಿನಲ್ಲಿ, "ಈ ಸಲ ತಪ್ಪಿಸ್ಬೇಡಿ ಅಮ್ಮ. ಬರಲಿಲ್ಲ ಅಂದ್ರೆ ನಿಮ್ಮ ಸಾಕ್ಷಿ ಬಿಟ್ಟುಹೋಗುತ್ತೆ. ನೀವಿಲ್ಲದೆ ಈ ಕೇಸಲ್ಲಿ ಏನೂ ಇಲ್ಲ" ಎಂದರು.

ಕೋರ್ಟಿನ ಹಿಂದಿನ ಸಂಜೆ ಮುನಿರಾಜು ಮನೆಗೆ ಬಂದ. ನನ್ನ ಮಗ ಸತ್ತ ಮೇಲೆ ಅವನು ಹೊಸ್ತಿಲು ದಾಟಿದ್ದು ಅದೇ ಮೊದಲು. ಕೂರಲಿಲ್ಲ.

"ಅತ್ತಿಗೆ, ಹೋದೋನು ಹೋದ. ಇನ್ನೊಬ್ಬನ್ನೂ ಕಳಿಸ್ಬೇಕಾ?"

ನಾನು ಮೊರದಲ್ಲಿದ್ದ ಅಕ್ಕಿ ಆರಿಸುತ್ತಲೇ ಇದ್ದೆ.

"ನನ್ನ ಮಾತು ಬೇಡ. ಸಪ್ಪಲಮ್ಮನ ಮಾತು ಕೇಳ್ತೀರ ತಾನೆ? ದಿನಾ ಹೋಗಿ ಅವಳ ಹತ್ರ ಚಾಡಿ ಹೇಳ್ತೀರಂತಲ್ಲ. ನಾಳೆ ಬೆಳಗ್ಗೆ ಹೂ ಕೇಳಣ. ಬಲಕ್ಕೆ ಬಿದ್ರೆ ನೀವು ನೋಡಿಲ್ಲ ಅಂತ ಹೇಳಿ. ಎಡಕ್ಕೆ ಬಿದ್ರೆ ನಿಮ್ಮಿಷ್ಟ, ಏನ್ ಬೇಕಾದ್ರೂ ಹೇಳ್ಕೊಳ್ಳಿ, ನಾನು ತಡೆಯಲ್ಲ."

"ನಾಳೆ ಕೋರ್ಟಿದೆ ಮುನಿರಾಜು."

"ಹೊತ್ತು ಹುಟ್ಟೋ ಮುಂಚೆ ಕೇಳಣ. ಹೂ ಬೀಳಕ್ಕೆ ಎಷ್ಟೊತ್ತು ಬೇಕು? ಯಾಕೆ, ತಾಯಿ ಮೇಲೆ ನಂಬಿಕೆ ಇಲ್ವಾ?"

ಅದೊಂದು ಮಾತು ಅವನು ಕೇಳಬಾರದಿತ್ತು. ನಂಬಿಕೆ ಇಲ್ಲ ಎಂದು ಯಾವ ಬಾಯಿಂದ ಹೇಳಲಿ? "ಬರ್ತೀನಿ" ಎಂದೆ.

ಹೂ ಕೇಳುವುದೆಂದರೆ ನಮ್ಮ ಕಡೆ ಆಟವಲ್ಲ. ಪೂಜಾರಿ ಅಮ್ಮನ ಎರಡು ಭುಜಕ್ಕೂ ಒಂದೊಂದು ಹೂ ಇಡುತ್ತಾರೆ. ಕೇಳಬೇಕಾದ್ದನ್ನು ಎಲ್ಲರ ಎದುರು ಕೇಳುತ್ತಾರೆ. ಮೊದಲು ಬಿದ್ದ ಹೂವೇ ಅಪ್ಪಣೆ. ಅದು ಬೀಳುವ ತನಕ ಕೇಳಿದ ಮನೆಯವರಲ್ಲಿ ಒಬ್ಬರಾದರೂ ಕೂತಿರಬೇಕು, ಯಾರ ಮೇಲೆ ಕೇಳಿದರೋ ಅವರೂ ಏಳಬಾರದು. ಮೊದಲು ಎದ್ದವರ ಮಾತು ಸೋತ ಹಾಗೆ. ಆಮೇಲೆ ಅವರು ತಾಯಿಯ ಹೆಸರು ಹೇಳಿ ಏನನ್ನೂ ಸಾಧಿಸುವಂತಿಲ್ಲ. ನಮ್ಮ ಮಾವನ ಕಾಲದಲ್ಲಿ ಹೊಲದ ಬದುವಿಗೆ ಹೂ ಕೇಳಿ, ಎರಡು ಮನೆಯವರು ಮಧ್ಯಾಹ್ನದವರೆಗೂ ಕೂತದ್ದನ್ನು ನಾನು ಕಂಡಿದ್ದೇನೆ.

ಬೆಳಗಿನ ಚಳಿಯಲ್ಲಿ ನಾನು ಹೋಗುವಷ್ಟರಲ್ಲಿ ಬೀದಿಯೆಲ್ಲ ಗುಡಿಯ ಮುಂದಿತ್ತು. ಒಳಗೆ ಸಪ್ಪಲಮ್ಮ ಬೆಳ್ಳಗೆ ಹೊಳೆಯುತ್ತಿದ್ದಳು. ಮಗನ ಕೇಸು ಗೆಲ್ಲಲೆಂದು ಮುನಿರಾಜು ಅವಳಿಗೆ ಬೆಣ್ಣೆ ಅಲಂಕಾರ ಮಾಡಿಸಿದ್ದ. ಅಂಗಡಿಯ ಫ್ರಿಜ್ಜಿನಿಂದ ತಂದ ಪೊಟ್ಟಣದ ಬೆಣ್ಣೆ. ಕಲ್ಲಿನ ಮೇಲೆ ಗಾರೆ ಮೆತ್ತಿದ ಹಾಗೆ ಮೆತ್ತಿದ್ದರು. ಭುಜ ಯಾವುದು, ಕತ್ತು ಯಾವುದು ತಿಳಿಯುತ್ತಿರಲಿಲ್ಲ.

ಪೂಜಾರಿ ಹನುಮಯ್ಯ ನನ್ನ ಮುಖ ನೋಡದೆ ಎರಡು ಸೇವಂತಿಗೆ ಹೂ ತೆಗೆದುಕೊಂಡರು. ಎಡಗಡೆಯದನ್ನು ಚೆನ್ನಾಗಿ ಒತ್ತಿದರು. ಬಲಗಡೆಯದನ್ನು ತುದಿಯಲ್ಲಿ ಹಾಗೇ ಆನಿಸಿದರು. ನಾನು ಕಂಡೆ. ನನ್ನ ಪಕ್ಕದಲ್ಲಿ ಕೂತಿದ್ದ ಚಿಕ್ಕತಾಯಿಯೂ ಕಂಡಳು, ತಲೆ ತಗ್ಗಿಸಿದಳು. ನಾನು ಹನುಮಯ್ಯನನ್ನು ಏನೂ ಅನ್ನಲಿಲ್ಲ. ಅವರಿಗೆ ಇರಲು ಮನೆ ಕೊಟ್ಟವನು ಮುನಿರಾಜು. 'ಹೂ ಇಡೋದು ಅವರ ಕೈ, ಬೀಳಿಸೋದು ನಿನ್ನ ಕೈ' ಎಂದು ಒಳಗೇ ತಾಯಿಗೆ ಹೇಳಿಕೊಂಡೆ.

"ತಾಯೀ, ಯಶೋದಮ್ಮ ಸಾಕ್ಷಿ ಬಿಟ್ಟುಕೊಡಬೇಕು ಅನ್ನೋದು ನಿನ್ನ ಇಷ್ಟ ಆದ್ರೆ ಬಲಗಡೆ ಹೂ ಕೊಡು!" ಹನುಮಯ್ಯ ಗಂಟೆ ಬಾರಿಸಿದರು.

ಹೂ ಬೀಳಲಿಲ್ಲ.

ಮತ್ತೆ ಬಾರಿಸಿದರು. ಎಲ್ಲರೂ ಕತ್ತು ಚಾಚಿದರು. ಬಲಗಡೆಯ ಹೂ ಬೆಣ್ಣೆಯ ಮೇಲೆ ವಾಲಿಕೊಂಡಂತೆ ಇತ್ತು, ಅಷ್ಟೇ.

ಬಿಸಿಲು ಏರಿತು. ಮೊದಮೊದಲು ಜನ ಕೈಮುಗಿದು ಕೂತಿದ್ದರು. ಆಮೇಲೆ ಪಿಸುಮಾತು, ಆಮೇಲೆ ನಗು.

"ತಾಯಿ ಇನ್ನೂ ಎದ್ದಿಲ್ಲ ಅನ್ಸುತ್ತೆ ಗುರು," ಎಂದ ಹಿಂದಿನಿಂದ ಸಿದ್ದೇಶ. ಅವನು ಯೋಗಾನಂದನ ಸ್ನೇಹಿತ.

"ಎದ್ದಿದಾಳೆ ಮಗಾ, ಟ್ರಾಫಿಕ್ಕಲ್ಲಿ ಸಿಗಾಕ್ಕೊಂಡಿದಾಳೆ."

"ನನ್ನ ಮಗಳ ಸ್ಕೂಲ್ ವ್ಯಾನ್ ಬಂತು ಕಣ್ರೋ, ನಾನು ಹೊರಟೆ."

"ಮುನಿರಾಜಣ್ಣ, ನಂಗೆ ಬಿಪಿ ಮಾತ್ರೆ ತಗೊಳ್ಬೇಕು, ತಿಂಡಿ ತಿಂದಿಲ್ಲ. ಬೇಜಾರ್ ಮಾಡ್ಕೋಬೇಡಿ."

"ಈ ಮುದುಕೀದೇ ಏನೋ ಮಾಟ. ನೋಡಿ, ಹೆಂಗೆ ಕೂತಿದೆ ಬಂಡೆ ಥರ!"

ಒಬ್ಬೊಬ್ಬರಾಗಿ ಎದ್ದರು. ಅವರು ಏಳಬಹುದಿತ್ತು, ಕೇಳಿದ ಮನೆ ಅವರದಲ್ಲ. ಮುನಿರಾಜು ಮಾತ್ರ ಕೂತಿದ್ದ. ಅವನ ಫೋನು ಎರಡು ಸಲ ಹೊಡೆದುಕೊಂಡಿತು. ಲಾಯರು ಕರೆಯುತ್ತಿದ್ದರು. ಬೀದಿಯ ತಿರುವಿನಲ್ಲಿ ಲತಾ ಆಟೋದಿಂದ ಇಳಿದು ನಿಂತಿದ್ದಳು. "ಅತ್ತೆ, ಹೊತ್ತಾಯ್ತು! ಮಾಗಡಿ ರೋಡೆಲ್ಲ ಜಾಮ್ ಆಗಿದೆ!" ಎಂದು ಕೂಗಿದಳು.

ಆಗ ಮುನಿರಾಜು ನಕ್ಕ. ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರೂ ನನಗೆ ಕೇಳಲೆಂದೇ ಹೇಳಿದ: "ನಾನು ಕೋರ್ಟಿಗೆ ಹೋಗ್ತೀನಿ. ನೀನು ಕೂತಿರು. ಮನೆಯೋರು ಒಬ್ರು ಕೂತಿದ್ರೆ ಸಾಕು. ಹೂ ಬಿದ್ರೂ ಸರಿ, ಬೀಳ್ದಿದ್ರೂ ಸರಿ. ಅವಳು ಏಳೋ ಹಂಗಿಲ್ಲ, ಬಿಸಿಲು ಇಳಿಯೋ ತನಕ ಹಿಂಗೇ ಕೂತಿರ್ಲಿ." ಹನುಮಯ್ಯನಿಗೂ ಸನ್ನೆ ಮಾಡಿ ಹೊರಟ. ಹನುಮಯ್ಯ ಬೇವಿನ ಕಟ್ಟೆಯ ಮೇಲೆ ಹೋಗಿ ಆ ಕಡೆ ಮುಖ ಮಾಡಿ ಕೂತರು.

ಆಗ ನನಗೆ ಪೂರ್ತಿ ಅರ್ಥವಾಯಿತು. ಎದ್ದರೆ ತಾಯಿಯ ಮುಂದೆ ನನ್ನ ಮಾತು ಸೋತಿತು. ಸೋತ ಮಾತನ್ನು ಕೋರ್ಟಿನಲ್ಲಿ ನಿಜವೆಂದು ಹೇಗೆ ಹೇಳಲಿ? ಕೂತರೆ ಕೋರ್ಟು ಕಾಯುವುದಿಲ್ಲ. ಎರಡು ಕಡೆಯೂ ಗೋಡೆ. ನಾನು ಕಣ್ಣು ಮುಚ್ಚಿದೆ. 'ತಾಯಿ, ನನ್ನ ಬುದ್ಧಿ ಇಲ್ಲಿಗೆ ಮುಗೀತು. ಬಾಯಿ ಕೊಡು ಅಂತ ಕೇಳ್ತಿದ್ದೆ. ಈಗ ಹೋಗಕ್ಕೆ ದಾರೀನೇ ಇಲ್ಲ. ನೀನು ಇದೀಯ ಅನ್ನೋದು ಬಿಟ್ರೆ ನನ್ನ ಹತ್ರ ಏನೂ ಉಳಿದಿಲ್ಲ.' ಬೇರೆ ಏನೂ ಕೇಳಲು ತೋಚಲಿಲ್ಲ. ಕೂತೆ.

ಗುಡಿಯಲ್ಲಿ ನಾನು, ಚಿಕ್ಕತಾಯಿ ಇಬ್ಬರೇ. ಒಲೆಯ ಮುಂದೆ, ಬಾಣಂತನದಲ್ಲಿ, ಅತ್ತೆಯ ಹೆಣದ ಪಕ್ಕದಲ್ಲಿ ಎಷ್ಟೋ ಸಲ ಹೀಗೇ ಕೂತಿದ್ದೆವು. ಭೈರೇಶ ಹೋದ ಮೇಲೆ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಫ್ರಿಜ್ ಬೆಣ್ಣೆ ಕಣಕ್ಕ," ಎಂದಳು ಚಿಕ್ಕತಾಯಿ, ಅಮ್ಮನನ್ನೇ ನೋಡುತ್ತ. "ನಮ್ಮ ಮನೇಲಿ ಕಡೆದಿದ್ದಾಗಿದ್ರೆ ಇಷ್ಟೊತ್ತಿಗೆ ಕರಗಿ ಹೂವೆಲ್ಲ ನೆಲದ ಮೇಲಿರ್ತಿತ್ತು."

"ಹೂಂ."

"ನಾನು ಹೇಳ್ದೆ, ಬೆಣ್ಣೆ ಬೇಡ ಅಂತ. ಕೇಳಲಿಲ್ಲ. ಅಮ್ಮನಿಗೆ ಜಾಸ್ತಿ ಹಚ್ಚಿದ್ರೆ ಜಾಸ್ತಿ ಒಲೀತಾಳೆ ಅಂದ್ಕೊಂಡಿದಾರೆ."

ಒಂದು ನೊಣ ಬೆಣ್ಣೆಯ ಮೇಲೆ ಕೂತು ಎದ್ದಿತು.

"ಅಕ್ಕ."

"ಏನೇ?"

"ನೀನು ನಿಜವಾಗ್ಲೂ ನೋಡ್ದಾ?"

"ನೋಡ್ದೆ."

"ಅವನು... ಯಾವ ಕೈಲಿ?"

"ಎಡಗೈಲಿ ಕಣೇ."

ಅವಳು ತನ್ನ ಎಡಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ನೋಡಿದಳು. ಅದು ತನ್ನದಲ್ಲ, ಬೇರೆ ಯಾರದೋ ಎಂಬ ಹಾಗೆ ನೋಡಿದಳು. "ಸರಳನ್ನ ನಾನೇ ತೊಳೆದೆ ಅಕ್ಕ," ಎಂದಳು. "ಯೋಗಿ ತಂದು ಬಚ್ಚಲಲ್ಲಿಟ್ಟಿದ್ದ. ಏನು ಎತ್ತ ಅಂತ ಕೇಳಲಿಲ್ಲ. ತೊಳೆದುಬಿಟ್ಟೆ. ಯಾಕೆ ತೊಳೆದೆ ಅಂತ ಇವತ್ತಿಗೂ ಗೊತ್ತಿಲ್ಲ." ಆಮೇಲೆ ಬಹಳ ಮೆಲ್ಲಗೆ, "ಅತ್ತೆ ಬಟ್ಟೆ ಕಟ್ಟಿದ್ರೆ ನೀನೇ ಬಿಚ್ತಿದ್ದೆ ಅಲ್ವಾ?" ಎಂದಳು.

ಇಬ್ಬರೂ ಅಳಲಿಲ್ಲ. ಅಳು ದಾಟಿ ಎಷ್ಟೋ ದಿನ ಆಗಿತ್ತು.

ಹೊರಗೆ ಲತಾ ಮತ್ತೆ ಕೂಗಿದಳು. ಈ ಸಲ ಅವಳ ದನಿಯಲ್ಲಿ ಬರೀ ಅಳುವಿತ್ತು.

ಚಿಕ್ಕತಾಯಿ ಒಂದು ಕೈ ನೆಲಕ್ಕೆ ಊರಿದಳು.

"ಮಂಡಿ ಹಿಡ್ಕೊಂಡಿದೆ ಕಣಕ್ಕ. ಇನ್ನು ನನ್ನ ಕೈಲಿ ಕೂರಕ್ಕಾಗಲ್ಲ."

ಅವಳ ಮಂಡಿಗೆ ಏನೂ ಆಗಿರಲಿಲ್ಲ. ನನಗಿಂತ ಗಟ್ಟಿ ಅವಳು. ರಾಗಿ ಹೊಲದಲ್ಲಿ ದಿನವಿಡೀ ಬಗ್ಗಿದವಳು. ನಾನು ಅವಳ ಸೆರಗು ಹಿಡಿದುಕೊಂಡೆ. ಯಾಕೆ ಹಿಡಿದೆನೋ. ಏಳಬೇಡ ಎಂದೋ, ಏಳು ಎಂದೋ, ನನಗೇ ತಿಳಿಯದು.

"ಚಿಕ್ಕಿ, ಯೋಚನೆ ಮಾಡು. ಇರೋನೊಬ್ಬ."

"ನಿನಗೂ ಇದ್ದೋನು ಒಬ್ಬನೇ ಅಲ್ವಾ?" ಸೆರಗು ಬಿಡಿಸಿಕೊಂಡಳು. ಎದ್ದು ನಿಂತಳು. ಅಮ್ಮನಿಗೆ ಕೈಮುಗಿಯಲಿಲ್ಲ. "ಹನುಮಯ್ಯನೋರೇ," ಎಂದು ಕರೆದಳು. ಕಟ್ಟೆಯ ಮೇಲಿದ್ದ ಪೂಜಾರಿ ತಿರುಗಿ ನೋಡಿದರು. "ನಾನು ಎದ್ದಿದೀನಿ. ನೋಡ್ಕೊಳಿ. ಮೊದಲು ಎದ್ದಿದ್ದು ನಮ್ಮ ಮನೆಯೋರು." ಅಷ್ಟು ಹೇಳಿ ಹಿಂದಿರುಗಿ ನೋಡದೆ ಮನೆಯ ಕಡೆ ನಡೆದಳು. ಅವಳ ನಡಿಗೆಯಲ್ಲಿ ಎಲ್ಲೂ ಕುಂಟು ಇರಲಿಲ್ಲ.

ನಾನು ಎದ್ದೆ. ನನ್ನ ಮಂಡಿಗಳು ನಿಜವಾಗಿ ಹಿಡಿದುಕೊಂಡಿದ್ದವು.

ಕೋರ್ಟಿಗೆ ತಡವಾಗಿಯೇ ಹೋದೆವು. ನಮ್ಮ ಕೇಸು ಇನ್ನೂ ಕೂಗಿರಲಿಲ್ಲ. ಕಟಕಟೆಯಲ್ಲಿ ನಿಂತಾಗ ಎದುರಿಗೆ ಯೋಗಾನಂದ ಇದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಣ್ಣ ಕೆಳಗೆ ಕಪ್ಪು. ನಾನು ಹೆದರಿದ ಹಾಗೇ ಆಯಿತು, ಅವನ ಮುಖದಲ್ಲಿ ಆ ಮಗುವಿನ ಮುಖವೇ ಕಂಡಿತು. ಅವನ ಕಡೆಯ ವಕೀಲರು ಮೆತ್ತಗೆ ಕೇಳಿದರು.

"ಇವರನ್ನ ನೀವೇ ಎತ್ತಿ ಆಡಿಸಿದ್ದು ಅಲ್ವಾ ಅಮ್ಮ?"

"ಹೌದು ಸಾರ್."

"ನಿಮಗೆ ಇವರು ಮಗ ಇದ್ದ ಹಾಗೆ."

"ಇದ್ದ ಹಾಗಲ್ಲ ಸಾರ್. ಮಗನೇ."

"ಹಂಗಿದ್ಮೇಲೆ ಇಂಥವರು ನಿಮ್ಮ ಮಗನ್ನ ಹೊಡೆದು ಸಾಯಿಸ್ತಾರಾ?"

ತಾಯಿ ಬಾಯಿ ಕೊಟ್ಟಳು. ದನಿ ನನ್ನದಲ್ಲದ ಹಾಗೆ ಸಣ್ಣಗೆ ಬಂತು, ಆದರೆ ಬಂತು. ತಾರಸಿ, ಮೆಣಸಿನಕಾಯಿ, ಡಿಕ್ಕಿ, ಸರಳು, ಎಡಗೈ, ಬೆನ್ನು ತಿರುಗಿಸಿದ್ದ ನನ್ನ ಮಗ, ಎಲ್ಲ ಹೇಳಿದೆ. ಬಚ್ಚಲಿನ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಅವಳು ತಾಯಿಯ ಮುಂದೆ ಹೇಳಿದ್ದು. ಅದು ಅಲ್ಲೇ ಇರಲಿ. ನಾನು ಹೇಳುವಾಗ ಯೋಗಾನಂದ ತಲೆ ಎತ್ತಲಿಲ್ಲ. ಕೊನೆಗೆ ಒಂದು ಸಲ, ಯಾರಿಗೂ ಕೇಳದಷ್ಟು ಮೆಲ್ಲಗೆ, "ದೊಡ್ಡಮ್ಮ" ಎಂದ. ನನಗೆ ಕೇಳಿಸಿತು.

ಅವನಿಗೆ ಶಿಕ್ಷೆಯಾಯಿತು.

ಹೂ ಕೇಳಿದ ದಿನ ಸಂಜೆ ಹನುಮಯ್ಯ ನಮ್ಮ ಗೇಟಿನ ಹತ್ತಿರ ಬಂದು, ಕಾರಿನ ಆಚೆಯೇ ನಿಂತು, "ಯಶೋದಮ್ಮ, ಮಧ್ಯಾಹ್ನ ಬೆಣ್ಣೆ ಕರಗ್ತು. ಹೂ ಯಾವ ಕಡೆ ಬಿತ್ತು ಅಂದ್ರೆ..." ಎಂದು ಶುರುಮಾಡಿದ್ದರು.

"ಬೇಡಿ ಹನುಮಯ್ಯನೋರೆ," ಎಂದಿದ್ದೆ. "ನನಗೆ ಹೇಳ್ಬೇಕಾಗಿದ್ದನ್ನ ಅವಳು ಆಗಲೇ ಹೇಳಾಯ್ತು." ಅವರು ತಲೆ ಆಡಿಸಿ ಹೊರಟುಹೋದರು.

ಮುನಿರಾಜು ಹೆಂಡತಿಯನ್ನು ತಾವರೆಕೆರೆಯ ಆಚೆ ಅವಳ ತವರಿಗೆ ಕಳಿಸಿದ. ಮಗನನ್ನು ತಿಂದವಳು ಎಂದು ಬೀದಿಯ ನಡುವೆ ನಿಂತು ಕೂಗಿದನಂತೆ. ನಾನು ಎರಡು ಸಲ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಮೊದಲ ಸಲ ಅವಳ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು, "ಅತ್ತಿಗೆ ಮಲಗಿದಾರೆ, ಏಳಿಸ್ಬೇಡಿ ಅಂದಿದಾರೆ" ಎಂದಳು. ಒಳಗೆ ಯಾರೋ ಮೊರದಲ್ಲಿ ಕಾಳು ಕೇರುವ ಸದ್ದು ಕೇಳಿಸುತ್ತಿತ್ತು. ಕೇರುವ ರೀತಿಯಿಂದಲೇ ಅವಳೆಂದು ಗೊತ್ತಾಯಿತು. ಜಗಲಿಯ ಮೇಲೆ ಅದು ನಿಲ್ಲುವ ತನಕ ಕೂತಿದ್ದು ಬಂದೆ. ಎರಡನೇ ಸಲ ಹೋದಾಗ ಆ ಸದ್ದೂ ಇರಲಿಲ್ಲ. ಹಿಂದಿನ ವಾರವೇ ಅವಳನ್ನು ಮಣ್ಣು ಮಾಡಿದ್ದರು. ನನಗೆ ಯಾರೂ ಹೇಳಿ ಕಳಿಸಿರಲಿಲ್ಲ.

ಕಾರನ್ನು ಯಾರೋ ಬಂದು ತೆಗೆದುಕೊಂಡು ಹೋದರು. ಗೇಟಿನ ಮುಂದೆ ಈಗ ಖಾಲಿ. ಆದರೂ ಹೊರಗೆ ಹೊರಟರೆ ಕೈ ತಾನಾಗಿ ಸೀರೆ ಒಟ್ಟುಮಾಡುತ್ತದೆ, ಬೆನ್ನು ಗೋಡೆಗೆ ಆನುತ್ತದೆ. ನೀರಿನ ವಾಲ್ವನ್ನೂ ಯಾರೋ ತಿರುಗಿಸಿ ಸರಿಮಾಡಿದ್ದಾರೆ. ಬೀದಿಯವರು ಈಗ "ಯಶೋದಕ್ಕ, ಊಟ ಆಯ್ತಾ?" ಎಂದು ಕೇಳುತ್ತಾರೆ. ಆಯ್ತು ಎನ್ನುತ್ತೇನೆ.

ಸಂಜೆ ಸಪ್ಪಲಮ್ಮನ ಹತ್ತಿರ ಈಗಲೂ ಹೋಗುತ್ತೇನೆ. ಕೇಸು ಮುಗಿಯಿತಲ್ಲ, ಕೇಳಿಕೊಳ್ಳಲು ಇನ್ನೇನಿದೆ ಎಂದು ಲತಾ ಅನ್ನುತ್ತಾಳೆ. ಭೈರೇಶನ ಹೆಸರು ಹೇಳುತ್ತೇನೆ, ಚಿಕ್ಕತಾಯಿಯ ಹೆಸರು ಹೇಳುತ್ತೇನೆ. ಆಮೇಲೆ ದೀಪದ ಬತ್ತಿ ಮುಂದಕ್ಕೆ ತಳ್ಳಿ ಕೊನೆಯ ಮಾತು ಹೇಳುತ್ತೇನೆ.

"ತಾಯಿ, ಅವನಿಗೆ ಬದನೆಕಾಯಿ ಆಗಲ್ಲ. ತಿಂದ್ರೆ ಮೈಯೆಲ್ಲ ದದ್ದು ಬರುತ್ತೆ. ಅಲ್ಲಿ ಜೈಲಲ್ಲಿ ಅದು ಯಾರಿಗೆ ಗೊತ್ತಿರುತ್ತೆ? ನೀನೇ ನೋಡ್ಕೋ."